ಹಳೆಯ ಕಾರಿನಲ್ಲಿ ಪದೇ ಪದೇ ಕೆಡುವ ಇಗ್ನಿಷನ್ ಕಾಯಿಲ್: ಮೂಲ ಕಾರಣವನ್ನು ಹುಡುಕುವ ಬಗೆ

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ, ಕಾಫಿ ಕಣಗಳ ಪಕ್ಕದಲ್ಲಿ, ಬಯಲುಸೀಮೆಯ ದೊಡ್ಡ ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ಹಳೆಯ ಪೆಟ್ರೋಲ್ ಕಾರುಗಳು ದುಡಿಯುತ್ತಿರುವುದನ್ನು ಕಾಣಬಹುದು. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಹತ್ತಾರು ವರ್ಷ ಮೊದಲೇ ಮಾರುಕಟ್ಟೆಯಿಂದ ಮರೆಯಾಯಿತು. ಆದರೂ ಇವುಗಳ ಎಂಜಿನ್ನು ಸರಳವಾದುದು, ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ ಎಂಬ ನಂಬಿಕೆಯಿಂದ ಹಲವರು ಇವನ್ನು ಇಟ್ಟುಕೊಂಡಿದ್ದಾರೆ. ನಂಬಿಕೆ ಸರಿಯಾದುದೇ. ಆದರೆ ಸರಳವಾದ ಯಂತ್ರವೂ ಕಾರಣ ತಿಳಿಯದೆ ರಿಪೇರಿ ಮಾಡಿದರೆ ಮತ್ತೆ ಮತ್ತೆ ಕೈಕೊಡುತ್ತದೆ.

ಇಂತಹ ಕಾರುಗಳಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಇಗ್ನಿಷನ್ ಕಾಯಿಲಿನದು. ಕಾರು ಹತ್ತಿಪ್ಪತ್ತು ಮೈಲಿ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಮುಕ್ಕರಿಸಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಹೊರಡುತ್ತದೆ. ಕೆಲವು ದಿನಗಳ ನಂತರ ಪೂರ್ತಿ ನಿಂತೇ ಬಿಡುತ್ತದೆ. ಹೊಸ ಕಾಯಿಲ್ ಹಾಕಿದರೆ ಸರಿಹೋಗುತ್ತದೆ, ಎರಡು ತಿಂಗಳಲ್ಲಿ ಅದೂ ಸುಡುತ್ತದೆ. ಮೂರನೆಯ ಕಾಯಿಲಿನ ಹೊತ್ತಿಗೆ 'ಈಗಿನ ಮಾಲೇ ಸರಿಯಿಲ್ಲ' ಎಂಬ ತೀರ್ಮಾನಕ್ಕೆ ಬರುವುದುಂಟು. ಕಳಪೆ ಮಾಲು ಇಲ್ಲವೆಂದಲ್ಲ. ಆದರೆ ಸರಿಯಾದ ಕಾಯಿಲ್ ಸರಿಯಾದ ಜಾಗದಲ್ಲಿದ್ದರೆ ಹಲವು ವರ್ಷ ಬಾಳುತ್ತದೆ. ಒಂದೇ ಕಾರಿನಲ್ಲಿ ಒಂದರ ಹಿಂದೆ ಒಂದು ಸುಟ್ಟಿತೆಂದರೆ ತಪ್ಪು ಕಾಯಿಲಿನಲ್ಲಿಲ್ಲ, ಕಾರಿನಲ್ಲಿದೆ ಎಂದೇ ಹುಡುಕಾಟ ಆರಂಭಿಸಬೇಕು.

ಇದು ಬೆಳೆಯ ವಿಷಯದಲ್ಲಿ ರೈತರಿಗೆ ತಿಳಿದ ಸಂಗತಿಯೇ. ಎಲೆ ಹಳದಿಯಾಯಿತೆಂದು ಯೂರಿಯಾ ಎರಚುತ್ತ ಹೋದರೆ, ಬೇರಿನ ಬುಡದಲ್ಲಿ ನೀರು ನಿಂತಿರುವ ದೋಷ ಹಾಗೆಯೇ ಉಳಿಯುತ್ತದೆ. ಸುಟ್ಟ ಕಾಯಿಲ್ ಹಳದಿ ಎಲೆಯಿದ್ದಂತೆ. ಅದು ರೋಗವಲ್ಲ, ರೋಗದ ಲಕ್ಷಣ. ನಷ್ಟವೂ ಕಾಯಿಲಿನ ಬೆಲೆಯಷ್ಟೇ ಅಲ್ಲ. ನಸುಕಿನ ತರಕಾರಿ ಮಾರುಕಟ್ಟೆಗೆ ಹೊರಟ ಕಾರು ನಡುದಾರಿಯಲ್ಲಿ ನಿಂತರೆ ಆ ದಿನದ ದರವೇ ಕೈತಪ್ಪುತ್ತದೆ. ರಾತ್ರಿ ವೇಳೆ ಬಾಣಂತಿಯನ್ನೋ ಹಾವು ಕಚ್ಚಿದವರನ್ನೋ ಆಸ್ಪತ್ರೆಗೆ ಒಯ್ಯುವಾಗ ಘಾಟಿಯಲ್ಲಿ ನಿಂತರೆ ಆಗುವ ಅನಾಹುತಕ್ಕೆ ಬೆಲೆ ಕಟ್ಟುವಂತಿಲ್ಲ.

ಕಾಯಿಲ್ ಮಾಡುವ ಕೆಲಸ

ಡೀಸೆಲ್ ಎಂಜಿನ್ನಿಗೆ ಕಾಯಿಲ್ ಇರುವುದಿಲ್ಲ. ಅಲ್ಲಿ ಅದುಮಿದ ಗಾಳಿಯ ಶಾಖದಿಂದಲೇ ಇಂಧನ ಉರಿಯುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಬ್ಯಾಟರಿಯಲ್ಲಿರುವುದು 12 ವೋಲ್ಟ್ ಮಾತ್ರ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಹತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲಿ, ಕೆಲವು ಸಲ ಅದಕ್ಕೂ ಹೆಚ್ಚು ಒತ್ತಡ ಬೇಕಾಗುತ್ತದೆ. ಈ ಏರಿಕೆಯನ್ನು ಮಾಡುವುದೇ ಕಾಯಿಲ್.

ಅದರೊಳಗೆ ಮೆದು ಕಬ್ಬಿಣದ ತಗಡುಗಳ ಸುತ್ತ ಎರಡು ಸುರುಳಿಗಳಿರುತ್ತವೆ. ಪ್ರಾಥಮಿಕ ಸುರುಳಿ ದಪ್ಪ ತಂತಿಯದು, ಕೆಲವು ನೂರು ಸುತ್ತು. ದ್ವಿತೀಯಕ ಸುರುಳಿ ಕೂದಲೆಳೆಯಂತಹ ತಂತಿಯದು, ಹಲವು ಸಾವಿರ ಸುತ್ತು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಕೂಡಿದ್ದಾಗ ಪ್ರಾಥಮಿಕ ಸುರುಳಿಯಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಪಾಯಿಂಟು ತೆರೆದ ಕ್ಷಣ ಆ ಕ್ಷೇತ್ರ ಕುಸಿದು ದ್ವಿತೀಯಕ ಸುರುಳಿಯಲ್ಲಿ ಭಾರಿ ಒತ್ತಡ ಹುಟ್ಟುತ್ತದೆ. ಪಾಯಿಂಟಿನ ಬಾಯಲ್ಲಿ ಕಿಡಿ ಎದ್ದು ಶಕ್ತಿ ಪೋಲಾಗದಂತೆ ಕಂಡೆನ್ಸರ್ ನೋಡಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಕಾಯಿಲ್ ಸೆಕೆಂಡಿಗೆ 100 ಸಲ ಈ ಕೆಲಸ ಮಾಡಬೇಕು. ತಂತಿಯ ಮೇಲಿನ ವಾರ್ನಿಷ್, ನಡುವಿನ ಕಾಗದ, ಡಬ್ಬಿಯೊಳಗಿನ ಎಣ್ಣೆ ಇವೇ ಸುತ್ತಿಗೂ ಸುತ್ತಿಗೂ ನಡುವಣ ಕಾವಲು. ಎಣ್ಣೆ ಕಾವಲಿನ ಜೊತೆಗೆ ಶಾಖವನ್ನೂ ಹೊರಗೆ ಸಾಗಿಸುತ್ತದೆ.

ಈ ಕಾವಲನ್ನು ಮುರಿಯುವ ಶತ್ರುಗಳು ಎರಡೇ: ಒಂದು ಅತಿಯಾದ ಶಾಖ, ಇನ್ನೊಂದು ಅತಿಯಾದ ವಿದ್ಯುತ್ ಒತ್ತಡ. ಮುಂದೆ ಹೇಳುವ ಕಾರಣಗಳಲ್ಲಿ ಬಹುಪಾಲು ಈ ಎರಡರಲ್ಲೊಂದಕ್ಕೆ ಬಂದು ಸೇರುತ್ತವೆ.

ಕೆಟ್ಟಿರುವುದು ಕಾಯಿಲೇ ಹೌದೇ?

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಹೊರಡುವುದು ಕಾಯಿಲಿನ ದೋಷದ ಲಕ್ಷಣ ನಿಜ. ಆದರೆ ಇನ್ನೂ ಕೆಲವು ದೋಷಗಳು ಇದೇ ವೇಷದಲ್ಲಿ ಬರುತ್ತವೆ. ಬೇಸಗೆಯಲ್ಲಿ ಪೆಟ್ರೋಲ್ ಪಂಪು ಅಥವಾ ಪೈಪಿನಲ್ಲಿ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟಿಕೊಂಡರೂ ಕಾರು ಹೀಗೆಯೇ ನಿಲ್ಲುತ್ತದೆ. ಟ್ಯಾಕ್ಸಿ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿಯೇ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ 20ಕ್ಕೆ ಮುಟ್ಟಿತು. ಕಬ್ಬು ಬೆಳೆಗಾರರಿಗೆ ಇದು ಒಳ್ಳೆಯ ಸುದ್ದಿಯಾದರೂ ಹಳೆಯ ಕಾರಿನ ರಬ್ಬರ್ ಪೈಪು, ಪಂಪಿನ ಪೊರೆಗಳು ಇಂತಹ ಮಿಶ್ರಣಕ್ಕೆಂದು ತಯಾರಾದವಲ್ಲ. ಅವು ಮೆತ್ತಗಾಗಿ ಗಾಳಿ ಎಳೆದರೂ ಎಂಜಿನ್ನು ನಿಲ್ಲುತ್ತದೆ, ಸುಮ್ಮನೆ ಒಂದು ಕಾಯಿಲಿಗೆ ದಂಡ ತೆರಬೇಕಾಗುತ್ತದೆ.

ಆದ್ದರಿಂದ ಪರೀಕ್ಷೆಯನ್ನು ಕಾರು ನಿಂತ ಜಾಗದಲ್ಲೇ, ನಿಂತ ಕೂಡಲೇ ಮಾಡಬೇಕು. ಮನೆಗೆ ತಳ್ಳಿಕೊಂಡು ಬಂದು ತಣ್ಣಗಾದ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನ ದಪ್ಪ ತಂತಿಯನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು, ಅದರ ತುದಿಯನ್ನು ಎಂಜಿನ್ನಿನ ಬರಿಯ ಲೋಹದಿಂದ 6 ಮಿ.ಮೀ. ದೂರದಲ್ಲಿಟ್ಟು ಇನ್ನೊಬ್ಬರಿಂದ ಸ್ಟಾರ್ಟರ್ ಒತ್ತಿಸಬೇಕು. ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆಯನ್ನು ಮಾಡಲೇಬಾರದು. ಚಟಚಟನೆ ನೀಲಿ ಕಿಡಿ ಹಾರಿದರೆ ಕಾಯಿಲಿನ ತಪ್ಪಿಲ್ಲ. ರೋಟರ್, ಮುಚ್ಚಳ ಅಥವಾ ಪೆಟ್ರೋಲಿನ ಕಡೆ ನೋಡಬೇಕು. ಕಿಡಿಯೇ ಇಲ್ಲವಾದರೆ ಅಥವಾ ಕೆಂಪಗೆ ಬಡಕಲಾಗಿದ್ದರೆ ಕಾಯಿಲನ್ನು ಸಂಶಯಿಸಬಹುದು. ಆದರೂ ತೀರ್ಪು ಕೊಡುವ ಮೊದಲು ಕಂಡೆನ್ಸರನ್ನೂ, ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟಿಗೆ ಹೋಗುವ ಚಿಕ್ಕ ತಂತಿಯನ್ನೂ ನೋಡಬೇಕು. ಈ ತಂತಿ ಪಾಯಿಂಟಿನ ತಟ್ಟೆಯೊಡನೆ ಸದಾ ಅಲುಗಾಡುತ್ತಿರುತ್ತದೆ. ಹೊರಗಿನ ಹೊದಿಕೆ ಚೆನ್ನಾಗಿದ್ದು ಒಳಗಿನ ಎಳೆಗಳು ತುಂಡಾಗಿರುವುದು ಅಪರೂಪವಲ್ಲ.

ಮುಟ್ಟಿ ನೋಡಿ 'ಕೈ ಸುಡುತ್ತದೆ, ಕಾಯಿಲ್ ಹೋಗಿದೆ' ಎನ್ನುವುದು ಸರಿಯಲ್ಲ. ಒಳ್ಳೆಯ ಕಾಯಿಲೂ ಕೆಲಸ ಮಾಡುವಾಗ ಸಾಕಷ್ಟು ಬಿಸಿಯಾಗುತ್ತದೆ. ಹಾಗೆಯೇ ಬಿಸಿ ಕಾಯಿಲಿನ ರೋಧವನ್ನು ಮೀಟರಿನಿಂದ ಅಳೆದು ಹೆಚ್ಚಾಗಿದೆಯೆಂದು ಎಸೆಯುವುದೂ ತಪ್ಪು. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.4ರಷ್ಟು ಏರುತ್ತದೆ. 25 ಡಿಗ್ರಿಯಲ್ಲಿ 3 ಓಮ್ ತೋರಿಸುವ ಸುರುಳಿ 85 ಡಿಗ್ರಿಯಲ್ಲಿ 3.7 ಓಮ್ ತೋರಿಸಿದರೆ ಅದು ಸಹಜ.

ಸತ್ತ ಕಾಯಿಲನ್ನು ಓದುವುದು

ಸುಟ್ಟ ಕಾಯಿಲನ್ನು ಗುಜರಿಗೆ ಎಸೆಯುವ ಮೊದಲು ಹಗಲು ಬೆಳಕಿನಲ್ಲಿ ಹಿಡಿದು ನೋಡಬೇಕು. ಸತ್ತ ಗಿಡದ ಬೇರು ಕಿತ್ತು ನೋಡಿದಂತೆ ಇದರಿಂದಲೂ ಬಹಳಷ್ಟು ತಿಳಿಯುತ್ತದೆ. ಮುಚ್ಚಳದ ಸೇರುವೆಯಲ್ಲಿ ಎಣ್ಣೆ ಜಿನುಗಿದ್ದರೆ, ಡಬ್ಬಿ ಉಬ್ಬಿದ್ದರೆ, ಕಪ್ಪು ಮುಚ್ಚಳ ಮೇಲೆದ್ದಿದ್ದರೆ ಅದು ಶಾಖದಿಂದ ಸತ್ತಿದೆ. ಮುಚ್ಚಳದ ನಡುಗೋಪುರದಿಂದ ಪಕ್ಕದ ಸ್ಕ್ರೂವಿನ ಕಡೆಗೆ ಪೆನ್ಸಿಲಿನಿಂದ ಗೀರಿದಂತಹ ಕಪ್ಪು ಗೆರೆ ಇದ್ದರೆ ಅಲ್ಲಿ ಕಿಡಿ ದಾರಿ ಮಾಡಿಕೊಂಡಿದೆ, ಅಂದರೆ ಒತ್ತಡಕ್ಕೆ ಸರಿಯಾದ ದಾರಿ ಸಿಕ್ಕಿಲ್ಲ. ಇಂತಹ ಗೆರೆಯನ್ನು ಒರೆಸಿದರೂ ಹೋಗದು. ಮುಚ್ಚಳ ಕೂದಲೆಳೆಯಷ್ಟು ಬಿರಿದಿದ್ದರೆ ಅಥವಾ ಸ್ಕ್ರೂ ಬುಡದಲ್ಲಿ ಅಲುಗಾಡುತ್ತಿದ್ದರೆ ನಡುಕದಿಂದಲೋ ಸ್ಪಾನರಿನ ಅತಿ ಬಿಗಿತದಿಂದಲೋ ಆದ ಪೆಟ್ಟು. ಹೊರಗೆ ಯಾವ ಗುರುತೂ ಇಲ್ಲದೆ, ಮೀಟರಿನಲ್ಲಿಯೂ ಸರಿಯಾದ ಅಂಕಿಯನ್ನೇ ತೋರಿಸಿ, ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್ ಕೂಡ ಇರುತ್ತದೆ. ಅದರಲ್ಲಿ ಕಾವಲು ಒಳಗೇ ಹರಿದಿರುತ್ತದೆ. ಇದಕ್ಕೆ ಇನ್ನೊಂದು ಒಳ್ಳೆಯ ಕಾಯಿಲ್ ಹಾಕಿ ನೋಡುವುದೇ ಪರೀಕ್ಷೆ.

ಕಾರಿಗೆ ತಕ್ಕ ಕಾಯಿಲ್

ಪದೇ ಪದೇ ಸುಡುವ ಕಾಯಿಲುಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಇದನ್ನೇ. ಅಂಗಡಿಯಲ್ಲಿ '12 ವೋಲ್ಟ್ ಕಾಯಿಲ್' ಎಂದು ಕೇಳಿದರೆ ಎರಡು ಜಾತಿಯವು ಸಿಗುತ್ತವೆ, ನೋಡಲು ಎರಡೂ ಒಂದೇ. ಒಂದರ ಪ್ರಾಥಮಿಕ ರೋಧ ಸುಮಾರು 3 ಓಮ್. ಅದನ್ನು ನೇರವಾಗಿ ಜೋಡಿಸಬಹುದು. ಇನ್ನೊಂದರ ರೋಧ ಸುಮಾರು 1.5 ಓಮ್. ಅದು ಹೊರಗೆ ಇನ್ನೊಂದು ರೋಧಕದ ಮೂಲಕ, ಅಂದರೆ ಬಿಳಿ ಪಿಂಗಾಣಿಯಂತಹ ತುಂಡಿನಲ್ಲಿ ಸುತ್ತಿದ ತಂತಿಯ ಮೂಲಕ, ಕೆಲಸ ಮಾಡಲೆಂದು ತಯಾರಾದುದು. ಇದಕ್ಕೆ ಬ್ಯಾಲಸ್ಟ್ ಎನ್ನುತ್ತಾರೆ. ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ಮೋಟಾರು ಎಳೆಯುವ ಭಾರಕ್ಕೆ ಬ್ಯಾಟರಿ 9 ಅಥವಾ 10 ವೋಲ್ಟಿಗೆ ಇಳಿಯುತ್ತದೆ. ಆ ಗಳಿಗೆಯಲ್ಲಿ ಮಾತ್ರ ಬ್ಯಾಲಸ್ಟನ್ನು ದಾಟಿಸಿ ಪೂರ್ತಿ ಒತ್ತಡವನ್ನು ಕಾಯಿಲಿಗೆ ಕೊಟ್ಟು, ಎಂಜಿನ್ನು ಹೊರಟ ಮೇಲೆ ಮತ್ತೆ ಬ್ಯಾಲಸ್ಟಿನ ಮೂಲಕ ಹರಿಸುವುದು ಈ ಏರ್ಪಾಟಿನ ಉದ್ದೇಶ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. 3 ಓಮ್ ಕಾಯಿಲಿಗೆ 12 ವೋಲ್ಟ್ ಕೊಟ್ಟರೆ 4 ಆಂಪಿಯರ್ ಹರಿದು 48 ವ್ಯಾಟ್ ಶಾಖ ಹುಟ್ಟುತ್ತದೆ. 1.5 ಓಮ್ ಕಾಯಿಲನ್ನು ಬ್ಯಾಲಸ್ಟ್ ಇಲ್ಲದೆ ಜೋಡಿಸಿದರೆ ಹರಿಯುವುದು 8 ಆಂಪಿಯರ್, ಶಾಖ 96 ವ್ಯಾಟ್. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಸಣ್ಣ ಕಾವಿನ ಕಡ್ಡಿ 25 ವ್ಯಾಟಿನದು. ಅಂತಹ ನಾಲ್ಕು ಕಡ್ಡಿಗಳನ್ನು ಒಂದು ಡಬ್ಬಿಯ ಎಣ್ಣೆಯಲ್ಲಿ ಅದ್ದಿಟ್ಟಂತಾಯಿತು. ಎಂಜಿನ್ನು ಓಡುವಾಗ ಪಾಯಿಂಟು ತೆರೆದು ಮುಚ್ಚುವುದರಿಂದ ಸರಾಸರಿ ಇದಕ್ಕಿಂತ ಕಡಿಮೆ ಎಂಬುದು ನಿಜ, ಆದರೆ ಒಂದಕ್ಕೆ ಎರಡರಷ್ಟೆಂಬ ಅನುಪಾತ ಬದಲಾಗುವುದಿಲ್ಲ. ಇಷ್ಟು ಪ್ರವಾಹಕ್ಕೆ ಪಾಯಿಂಟುಗಳೂ ಬೇಗ ಸುಡುತ್ತವೆ. ಪಾಯಿಂಟ್ ಮತ್ತು ಕಾಯಿಲ್ ಎರಡೂ ಒಟ್ಟೊಟ್ಟಿಗೆ ಕೆಡುತ್ತಿದ್ದರೆ ಈ ಕಾರಣದ ಮೇಲೆ ಸಂಶಯ ಬಲವಾಗಬೇಕು.

ಬ್ಯಾಲಸ್ಟ್ ಇರುವ ಕಾರಿನಲ್ಲಿ ಅದು ತುಂಡಾದಾಗ ದಾರಿಯಲ್ಲಿ ಒಂದು ತಂತಿ ಸುತ್ತಿ ನೇರ ಮಾಡಿ ಕಳುಹಿಸುವ ವಾಡಿಕೆಯಿದೆ. ಮನೆ ಸೇರುವುದಕ್ಕೆ ಅದು ಸರಿ. ಅದನ್ನು ಮರೆತು ವರ್ಷಗಟ್ಟಲೆ ಹಾಗೆಯೇ ಬಿಡುವುದರಿಂದ ಕಾಯಿಲುಗಳ ಸಾಲು ಸಾವು ಆರಂಭವಾಗುತ್ತದೆ. ಇದಕ್ಕೆ ವಿರುದ್ಧವಾಗಿ ಬ್ಯಾಲಸ್ಟ್ ಇರುವ ಕಾರಿಗೆ 3 ಓಮ್ ಕಾಯಿಲ್ ಹಾಕಿದರೆ ಹರಿಯುವುದು 2.7 ಆಂಪಿಯರ್ ಮಾತ್ರ. ಕಾಯಿಲ್ ಸುಡುವುದಿಲ್ಲ, ಆದರೆ ಕಿಡಿ ಬಡವಾಗಿ ಚಳಿಗಾಲದ ಮುಂಜಾನೆ ಎಂಜಿನ್ನು ಹೊರಡಲು ಸತಾಯಿಸುತ್ತದೆ.

ರೋಧವನ್ನು ಅಳೆಯಲು ಸಾಮಾನ್ಯ ಮಲ್ಟಿಮೀಟರ್ ಸಾಕು. ಕಡಿಮೆ ಬೆಲೆಯ ಮೀಟರಿನ ಎರಡೂ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗಲೂ ಅದು 0.3 ಅಥವಾ 0.5 ಓಮ್ ತೋರಿಸುವುದುಂಟು. ಆ ಅಂಕಿಯನ್ನು ಕಳೆಯದಿದ್ದರೆ 1.5ಕ್ಕೂ 3ಕ್ಕೂ ನಡುವೆ ಗೊಂದಲವಾಗುತ್ತದೆ. ಅಳೆಯುವಾಗ ಎರಡೂ ಸಣ್ಣ ತಂತಿಗಳನ್ನು ಕಾಯಿಲಿನಿಂದ ಬಿಚ್ಚಿರಬೇಕು. ದ್ವಿತೀಯಕ ಸುರುಳಿಯನ್ನು ನಡುಗೋಪುರ ಮತ್ತು ಒಂದು ಸ್ಕ್ರೂವಿನ ನಡುವೆ ಅಳೆದರೆ ಸಾಮಾನ್ಯವಾಗಿ 6,000ದಿಂದ 12,000 ಓಮ್ ಸಿಗುತ್ತದೆ.

ಹಳೆಯ ಬ್ರಿಟಿಷ್ ಮಾದರಿಯ ಕಾಯಿಲುಗಳ ಮೇಲೆ ಎಸ್.ಡಬ್ಲ್ಯೂ. ಮತ್ತು ಸಿ.ಬಿ. ಎಂಬ ಗುರುತುಗಳಿರುತ್ತವೆ. ಮೊದಲನೆಯದು ಸ್ವಿಚ್ಚಿನ ಕಡೆಗೆ, ಎರಡನೆಯದು ಡಿಸ್ಟ್ರಿಬ್ಯೂಟರ್ ಕಡೆಗೆ. ಇವು ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಅರ್ಥ್ ಮಾಡುತ್ತಿದ್ದ ಕಾಲದವು. ಈಗಿನ ಕಾಯಿಲುಗಳಲ್ಲಿ ಪ್ಲಸ್ ಮತ್ತು ಮೈನಸ್ ಗುರುತುಗಳಿವೆ. ಋಣ ತುದಿ ಅರ್ಥ್ ಆಗಿರುವ ಕಾರಿನಲ್ಲಿ ಪ್ಲಸ್ ಸ್ವಿಚ್ಚಿಗೆ, ಮೈನಸ್ ಡಿಸ್ಟ್ರಿಬ್ಯೂಟರಿಗೆ ಹೋಗಬೇಕು. ಅದಲುಬದಲಾದರೂ ಎಂಜಿನ್ನು ಓಡುತ್ತದೆ, ಅದರಿಂದಲೇ ಈ ತಪ್ಪು ಬೆಳಕಿಗೆ ಬರುವುದಿಲ್ಲ. ಆದರೆ ಅದೇ ಕಿಡಿಗೆ ಹೆಚ್ಚು ಒತ್ತಡ ಬೇಕಾಗಿ ಕಾಯಿಲ್ ಶ್ರಮಪಡುತ್ತದೆ. ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದ ಕಾರುಗಳಲ್ಲಿ ಅರ್ಥಿನ ದಿಕ್ಕನ್ನು ಬದಲಿಸಿ ಕಾಯಿಲಿನ ತಂತಿಗಳನ್ನು ಮರೆತಿರುವ ಸಂಭವವುಂಟು.

ಚಾರ್ಜಿಂಗ್ ಅತಿಯಾದರೆ

ಕಾಯಿಲಿನ ಜಾತಿ ಸರಿಯಾಗಿದ್ದೂ ಸುಡುತ್ತಿದ್ದರೆ ಮುಂದಿನ ಸಂಶಯ ಡೈನಮೋ ಮತ್ತು ಅದರ ರೆಗ್ಯುಲೇಟರಿನ ಮೇಲೆ. ಎಂಜಿನ್ನು ಸ್ವಲ್ಪ ಜೋರಾಗಿ ಓಡುತ್ತಿರುವಾಗ ಬ್ಯಾಟರಿಯ ಎರಡೂ ತುದಿಗಳ ನಡುವೆ 13.8ರಿಂದ 14.5 ವೋಲ್ಟ್ ಇರಬೇಕು. 15ನ್ನು ದಾಟಿದರೆ ರೆಗ್ಯುಲೇಟರ್ ಹತೋಟಿ ತಪ್ಪಿದೆ. ಶಾಖವು ವೋಲ್ಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 14 ವೋಲ್ಟ್ 16 ಆದರೆ ಕಾಯಿಲಿನ ಶಾಖ ಶೇಕಡಾ 30ರಷ್ಟು ಹೆಚ್ಚುತ್ತದೆ.

ಮೀಟರ್ ಇಲ್ಲದಿದ್ದರೂ ಈ ದೋಷ ತನ್ನ ಗುರುತನ್ನು ಬೇರೆ ಕಡೆಗಳಲ್ಲಿ ಬಿಡುತ್ತದೆ. ಬ್ಯಾಟರಿಯ ನೀರು ವಾರವಾರಕ್ಕೂ ಇಳಿಯುತ್ತದೆ, ಹೆಡ್‌ಲೈಟಿನ ಬಲ್ಬುಗಳು ಬೇಗ ಸುಡುತ್ತವೆ, ವೇಗ ಹೆಚ್ಚಿದಂತೆ ದೀಪದ ಬೆಳಕು ಕಣ್ಣು ಕುಕ್ಕುವಷ್ಟು ಏರುತ್ತದೆ. ಕಾಯಿಲ್, ಬಲ್ಬು, ಬ್ಯಾಟರಿ ಮೂರನ್ನೂ ಮೂರು ಬೇರೆ ದುರದೃಷ್ಟಗಳೆಂದು ತಿಳಿದು ಮೂರು ಅಂಗಡಿಗಳಿಗೆ ಹಣ ಕಟ್ಟುವವರೂ ಇದ್ದಾರೆ.

ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 1,489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಒಂದು ಅಂಬಾಸಡರ್ ಕಾರು, ಒಂದು ವರ್ಷದಲ್ಲಿ ಮೂರು ಕಾಯಿಲು ಎಂದಿಟ್ಟುಕೊಳ್ಳಬಹುದು. ಸತ್ತ ಮೂರರಲ್ಲೂ ಎಣ್ಣೆ ಜಿನುಗಿದೆ, ಆದ್ದರಿಂದ ಶಾಖ. ಹೊಸ ಕಾಯಿಲಿನ ರೋಧ 3.1 ಓಮ್, ಆದ್ದರಿಂದ ಜಾತಿ ಸರಿಯಾಗಿದೆ. ಎಂಜಿನ್ನು ಜೋರಾಗಿ ಓಡುವಾಗ ಬ್ಯಾಟರಿಯಲ್ಲಿ 16.2 ವೋಲ್ಟ್. ಇಲ್ಲಿಗೆ ದಾರಿ ರೆಗ್ಯುಲೇಟರಿನ ಕಡೆ ತಿರುಗಿತು. ಆದರೆ ಕೂಡಲೇ ರೆಗ್ಯುಲೇಟರ್ ಬದಲಿಸುವುದಾಗಲಿ, ಅದರ ಸ್ಕ್ರೂ ತಿರುಗಿಸುವುದಾಗಲಿ ಸರಿಯಲ್ಲ. ಹಳೆಯ ಕರೆಂಟು ಪೆಟ್ಟಿಗೆಯಂತಹ ರೆಗ್ಯುಲೇಟರ್ ತನ್ನ ಅರ್ಥ್ ತಂತಿಯ ಮೂಲಕವೇ ಒತ್ತಡವನ್ನು ಅಳೆಯುತ್ತದೆ. ಆ ತಂತಿ ತುಕ್ಕು ಹಿಡಿದು ಅಥವಾ ಕಾರಿಗೆ ಬಣ್ಣ ಹೊಡೆಸಿದಾಗ ಬಣ್ಣದ ಮೇಲೆಯೇ ಬಿಗಿಯಲ್ಪಟ್ಟು ಸಂಪರ್ಕ ಕಳೆದುಕೊಂಡರೆ, ಅದಕ್ಕೆ ಒತ್ತಡ ಏರಿದ್ದೇ ತಿಳಿಯುವುದಿಲ್ಲ. ಡೈನಮೋ ಅಂಕೆಯಿಲ್ಲದೆ ಹೊಡೆಯುತ್ತದೆ. ಅರ್ಥಿನ ಬೋಲ್ಟು ಬಿಚ್ಚಿ, ಅದರ ಕೆಳಗಿನ ತಗಡನ್ನು ಉಪ್ಪುಕಾಗದದಿಂದ ಬಿಳಿ ಲೋಹ ಕಾಣುವಂತೆ ಉಜ್ಜಿ ಮತ್ತೆ ಬಿಗಿದರೆ ಒತ್ತಡ 14.2ಕ್ಕೆ ಇಳಿಯುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಓಡುವ ಕಾರುಗಳಲ್ಲಿ ಇದನ್ನು ಪ್ರತಿ ಮಳೆಗಾಲದ ನಂತರ ಮಾಡತಕ್ಕದ್ದು. ಹೀಗೆ ಮಾಡಿದ ಮೇಲೂ ಒತ್ತಡ ಇಳಿಯದಿದ್ದರೆ ಮಾತ್ರ ರೆಗ್ಯುಲೇಟರನ್ನು ಆಟೋ ಎಲೆಕ್ಟ್ರಿಷಿಯನ್ನರಿಗೆ ತೋರಿಸಬೇಕು.

ಬ್ಯಾಟರಿಯ ತುದಿಗಳು ಸಡಿಲವಾಗಿದ್ದರೂ ಇಂತಹದೇ ಹಾನಿ. ಬ್ಯಾಟರಿ ಕೆರೆಯಿದ್ದಂತೆ, ಏರಿಳಿತವನ್ನು ತಾನು ನುಂಗಿಕೊಳ್ಳುತ್ತದೆ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು 'ಡೈನಮೋ ಚಾರ್ಜ್ ಮಾಡುತ್ತಿದೆಯೇ' ಎಂದು ನೋಡುವ ಪದ್ಧತಿಯನ್ನು ಪೂರ್ತಿ ಬಿಡಬೇಕು.

ಕೀಲಿ ತಿರುಗಿಸಿಟ್ಟು ಬಿಡುವುದು

ಎಂಜಿನ್ನು ನಿಂತಿರುವಾಗ ಕೀಲಿಯನ್ನು ಇಗ್ನಿಷನ್ ಸ್ಥಾನದಲ್ಲೇ ಬಿಟ್ಟು ರೇಡಿಯೋ ಕೇಳುವುದು, ಮಕ್ಕಳು ಕೀಲಿ ತಿರುಗಿಸಿ ಆಡುವುದು, ಗುಡ್ಡದ ಇಳಿಜಾರಿನಲ್ಲಿ ಎಂಜಿನ್ನು ನಿಂತ ಮೇಲೂ ಕೀಲಿ ತೆಗೆಯದೆ ಬಾನೆಟ್ ತೆರೆದು ತಡಕಾಡುವುದು ಎಲ್ಲ ಕಡೆ ಕಾಣುವ ಸಂಗತಿಗಳು. ಪಾಯಿಂಟುಗಳು ಕೂಡಿದ ಸ್ಥಿತಿಯಲ್ಲಿ ಎಂಜಿನ್ನು ನಿಂತಿದ್ದರೆ ಕಾಯಿಲಿನಲ್ಲಿ ಬಿಡುವಿಲ್ಲದೆ ಪೂರ್ತಿ ಪ್ರವಾಹ ಹರಿಯುತ್ತದೆ. ನಾಲ್ಕು ಸಿಲಿಂಡರಿನ ಡಿಸ್ಟ್ರಿಬ್ಯೂಟರಿನಲ್ಲಿ ಪ್ರತಿ 90 ಡಿಗ್ರಿಗೆ 60 ಡಿಗ್ರಿಯಷ್ಟು ಪಾಯಿಂಟು ಕೂಡಿಯೇ ಇರುವುದರಿಂದ ಹೀಗಾಗುವ ಸಾಧ್ಯತೆಯೇ ಹೆಚ್ಚು. ಫ್ಯಾನಿನ ಗಾಳಿಯೂ ಇಲ್ಲ. ಅರ್ಧ ಗಂಟೆಯಲ್ಲಿ ಒಂದು ಒಳ್ಳೆಯ ಕಾಯಿಲ್ ಆಯುಷ್ಯ ಕಳೆದುಕೊಳ್ಳಬಹುದು. ರೇಡಿಯೋ ಬೇಕೆನ್ನುವವರು ಅದಕ್ಕೆ ಬೇರೆ ಸ್ವಿಚ್ಚಿನ ತಂತಿ ಎಳೆಸಿಕೊಳ್ಳುವುದು ಮೇಲು.

ಕಿಡಿಗೆ ದಾರಿ ಸಿಗದಿದ್ದರೆ

ಸತ್ತ ಕಾಯಿಲಿನ ಮುಚ್ಚಳದಲ್ಲಿ ಕಪ್ಪು ಗೆರೆ ಕಂಡಿದ್ದರೆ ಶಾಖದ ಕಡೆ ಹೋಗುವ ಅಗತ್ಯವಿಲ್ಲ. ಪ್ಲಗ್ಗು ಮತ್ತು ದಪ್ಪ ತಂತಿಗಳನ್ನು ನೋಡಬೇಕು. ಕಾಯಿಲಿನ ಒತ್ತಡ ತನಗೆ ಬೇಕಾದಷ್ಟೇ ಏರಿ ಎಲ್ಲಿ ದಾರಿ ಸುಲಭವೋ ಅಲ್ಲಿ ಹಾರುತ್ತದೆ. ಪ್ಲಗ್ಗಿನ ಬಾಯಿ ಈ ಕಾರುಗಳಲ್ಲಿ ಸಾಮಾನ್ಯವಾಗಿ 0.6 ಮಿ.ಮೀ., ಅಂದರೆ 25 ತೌ ಇರಬೇಕು. ಸವೆದು 1 ಮಿ.ಮೀ. ಆದರೆ ಒತ್ತಡ ಬಹಳ ಮೇಲಕ್ಕೆ ಏರಬೇಕಾಗುತ್ತದೆ. ತಂತಿ ಒಳಗೆ ತುಂಡಾಗಿದ್ದರೆ, ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನ ಇದ್ದಿಲ ಕಡ್ಡಿ ಮುರಿದಿದ್ದರೆ ಇನ್ನೂ ಮೇಲಕ್ಕೆ. ಕೊನೆಗೆ ಪ್ಲಗ್ಗಿನಲ್ಲಿ ಹಾರುವ ಬದಲು ಕಾಯಿಲಿನ ಒಳಗೋ ಮುಚ್ಚಳದ ಮೇಲೋ ಹಾರುತ್ತದೆ. ಒಮ್ಮೆ ದಾರಿಯಾದರೆ ಮತ್ತೆ ಅದೇ ದಾರಿ. ಹಳ್ಳಿಯಲ್ಲಿ ಇಲಿ ಕಾಟವನ್ನೂ ಮರೆಯುವಂತಿಲ್ಲ. ಕೊಟ್ಟಿಗೆಯ ಪಕ್ಕ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿ ತಂತಿಯ ರಬ್ಬರನ್ನು ಕಡಿದುಹಾಕುವುದು ಸಾಮಾನ್ಯ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಲು ಓಡುವ ಎಂಜಿನ್ನಿನಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡುವುದು ಗ್ಯಾರೇಜುಗಳ ಹಳೆಯ ಅಭ್ಯಾಸ. ಕಿತ್ತ ತಂತಿಯನ್ನು ಗಾಳಿಯಲ್ಲಿ ದೂರ ಹಿಡಿದಾಗ ಕಿಡಿಗೆ ಹೋಗಲು ದಾರಿಯೇ ಇಲ್ಲದಂತಾಗಿ ಪೂರ್ತಿ ಒತ್ತಡ ಕಾಯಿಲಿನ ಕಾವಲಿನ ಮೇಲೆ ಬೀಳುತ್ತದೆ. ಈ ಪರೀಕ್ಷೆ ಮಾಡಲೇಬೇಕಾದರೆ ಎಂಜಿನ್ನು ನಿಲ್ಲಿಸಿ, ಆ ತಂತಿಯ ತುದಿಗೆ ಒಂದು ಹಳೆಯ ಪ್ಲಗ್ಗನ್ನು ಸಿಕ್ಕಿಸಿ, ಪ್ಲಗ್ಗಿನ ಮೈ ಎಂಜಿನ್ನಿನ ಲೋಹಕ್ಕೆ ತಗಲುವಂತೆ ಕಟ್ಟಿ ಆಮೇಲೆ ಓಡಿಸಬೇಕು.

ಎಲ್.ಪಿ.ಜಿ. ಕಿಟ್ ಹಾಕಿಸಿದ ಕಾರುಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕಾದುದು. ಸಿಲಿಂಡರಿನಲ್ಲಿ ಅನಿಲದ ಮಿಶ್ರಣವನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚಿನ ಒತ್ತಡ ಬೇಕು. ಪೆಟ್ರೋಲಿನಲ್ಲಿ ಹೇಗೋ ನಡೆಯುತ್ತಿದ್ದ ಸವೆದ ಪ್ಲಗ್ಗು, ಬಿರಿದ ತಂತಿ ಅನಿಲದಲ್ಲಿ ಕಾಯಿಲಿಗೆ ಮುಳುವಾಗುತ್ತವೆ. ಕಿಟ್ ಹಾಕಿದ ದಿನವೇ ಪ್ಲಗ್ಗುಗಳನ್ನೂ ದಪ್ಪ ತಂತಿಗಳನ್ನೂ ಹೊಸದಾಗಿಸಿ, ಪ್ಲಗ್ಗಿನ ಬಾಯನ್ನು ಕಿಟ್ ತಯಾರಕರು ಹೇಳಿದ ಅಳತೆಗೆ ಇಡಬೇಕು.

ಪಾಯಿಂಟು, ಕಂಡೆನ್ಸರ್ ಮತ್ತು ಕಾಯಿಲ್ ಕೂರುವ ಜಾಗ

ಪಾಯಿಂಟಿನ ಅಂತರ ಅಂಬಾಸಡರಿನಲ್ಲಿದ್ದಂತಹ ಡಿಸ್ಟ್ರಿಬ್ಯೂಟರುಗಳಿಗೆ 0.35ರಿಂದ 0.40 ಮಿ.ಮೀ., ಅಂದರೆ 14ರಿಂದ 16 ತೌ. ಪಾಯಿಂಟಿನ ಹಿಮ್ಮಡಿ ಸವೆದು ಅಂತರ ಕಿರಿದಾದಂತೆ ಅವು ಕೂಡಿರುವ ಕಾಲ ಹೆಚ್ಚಾಗಿ ಕಾಯಿಲ್ ಬಿಸಿಯಾಗುತ್ತದೆ. ಬೆಂಕಿಕಡ್ಡಿ ಪೆಟ್ಟಿಗೆಯ ರಟ್ಟಿನಿಂದ ಅಂದಾಜು ಮಾಡುವ ಬದಲು ಫೀಲರ್ ಗೇಜ್ ಬಳಸಬೇಕು. ಕಂಡೆನ್ಸರ್ ಕೆಟ್ಟರೆ ಕಾಯಿಲ್ ಸುಡುವುದು ಕಡಿಮೆ, ಆದರೆ ಕಿಡಿ ಬಡವಾಗಿ, ಪಾಯಿಂಟಿನ ಬಾಯಿ ಕಪ್ಪಾಗಿ, ತಪ್ಪು ಕಾಯಿಲಿನ ತಲೆಗೆ ಬರುತ್ತದೆ. ಕಂಡೆನ್ಸರ್ ಅಗ್ಗದ ವಸ್ತು. ಪಾಯಿಂಟು ಬದಲಿಸುವಾಗ ಅದನ್ನೂ ಬದಲಿಸಿ ಹಳೆಯದು ಚೆನ್ನಾಗಿದ್ದರೆ ತುರ್ತಿಗೆಂದು ಎತ್ತಿಡುವುದು ಅನುಭವಸ್ಥರ ಪದ್ಧತಿ.

ಸಂಪರ್ಕಗಳನ್ನೂ ಒಮ್ಮೆ ಅಳೆಯಬೇಕು. ಕೀಲಿ ಹಾಕಿ, ಪಾಯಿಂಟು ಕೂಡಿದ ಸ್ಥಿತಿಯಲ್ಲಿ, ಕಾಯಿಲಿನ ಸ್ವಿಚ್ ಕಡೆಯ ಸ್ಕ್ರೂವಿನಲ್ಲಿ ಬ್ಯಾಲಸ್ಟ್ ಇಲ್ಲದ ಕಾರಿನಲ್ಲಿ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ಒತ್ತಡ ಇರಬೇಕು, ಬ್ಯಾಲಸ್ಟ್ ಇರುವಲ್ಲಿ 5ರಿಂದ 8 ವೋಲ್ಟ್. ಬ್ಯಾಲಸ್ಟ್ ಇರಬೇಕಾದ ಕಾರಿನಲ್ಲಿ ಇಲ್ಲಿ 12 ವೋಲ್ಟ್ ಸಿಕ್ಕಿದರೆ ಕಳ್ಳ ಸಿಕ್ಕಂತೆಯೇ. ಡಿಸ್ಟ್ರಿಬ್ಯೂಟರ್ ಕಡೆಯ ಸ್ಕ್ರೂವಿನಿಂದ ಬಾಡಿಗೆ ಅಳೆದರೆ 0.3 ವೋಲ್ಟಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಪಾಯಿಂಟು ಸುಟ್ಟಿದೆ ಅಥವಾ ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ಸಡಿಲವಾಗಿದೆ.

ಕಾಯಿಲನ್ನು ಸೈಲೆನ್ಸರ್ ಕೊಳವೆಗಳ ಶಾಖ ತಾಗುವಂತೆ ಕೂರಿಸಬಾರದು. ಎಣ್ಣೆ ತುಂಬಿದ ಕಾಯಿಲ್ ನೆಟ್ಟಗೆ, ಗೋಪುರ ಮೇಲಕ್ಕಿರಬೇಕು. ತಲೆಕೆಳಗಾಗಿ ಕೂರಿಸಿದಾಗ ಮುಚ್ಚಳದ ಸೇರುವೆ ಸ್ವಲ್ಪ ಸಡಿಲವಾದರೂ ಎಣ್ಣೆ ಸೋರಿಹೋಗುತ್ತದೆ. ಎಣ್ಣೆಯ ಮಟ್ಟ ಇಳಿದ ಮೇಲೆ ಅದರ ಹೊರಗುಳಿದ ಸುತ್ತುಗಳು ಸುಡುತ್ತವೆ. ಪಟ್ಟಿ ಬಿಗಿಯಾಗಿರಬೇಕು, ಆದರೆ ಡಬ್ಬಿ ಚಪ್ಪಟೆಯಾಗುವಷ್ಟಲ್ಲ. ಕೆಲವು ಹಳೆಯ ಮಾದರಿಗಳಲ್ಲಿ ಕಾಯಿಲನ್ನು ಎಂಜಿನ್ನಿನ ಮೇಲೆಯೇ, ಡೈನಮೋದ ಬೆನ್ನಿಗೆ ಕೂರಿಸಿರುತ್ತಾರೆ. ಶಾಖವೂ ನಡುಕವೂ ಅಲ್ಲಿ ಹೆಚ್ಚು. ಬೇರೆಲ್ಲ ಸರಿಯಿದ್ದೂ ಅಂತಹ ಕಾರು ಕಾಯಿಲ್ ತಿನ್ನುತ್ತಿದ್ದರೆ, ಅದನ್ನು ಪಕ್ಕದ ಬಾಡಿಯ ತಗಡಿಗೆ ಸ್ಥಳಾಂತರಿಸಿ ತಂತಿಗಳನ್ನು ಅಷ್ಟು ಉದ್ದ ಮಾಡಿಸಬಹುದು. ಓಡಿ ಬಂದ ಕೂಡಲೇ ಬಾನೆಟ್ ಎತ್ತಿ ಬಿಸಿ ಕಾಯಿಲಿನ ಮೇಲೆ ಪೈಪಿನಿಂದ ನೀರು ಹಾಯಿಸುವುದು ಮುಚ್ಚಳ ಬಿರಿಯಲು ಸಾಕು.

ಪಾಯಿಂಟು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು ಈಗ ಸಾಧ್ಯವಿದೆ, ಪಾಯಿಂಟು ಉಜ್ಜುವ ಕೆಲಸವೂ ತಪ್ಪುತ್ತದೆ. ಆದರೆ ಪ್ರತಿ ಕಿಟ್ಟಿಗೂ ಇಂತಿಷ್ಟೇ ಓಮಿನ ಕಾಯಿಲ್ ಬೇಕೆಂಬ ನಿಬಂಧನೆ ಇರುತ್ತದೆ. ಅದನ್ನು ಓದದೆ ಹಳೆಯ ಕಾಯಿಲಿಗೆ ಜೋಡಿಸಿದರೆ ಕಾಯಿಲೋ ಕಿಟ್ಟೋ ಎರಡರಲ್ಲೊಂದು ಹೋಗುತ್ತದೆ.

ಸಿಂಪರಣಾ ಯಂತ್ರ, ಕಳೆ ಕತ್ತರಿಸುವ ಯಂತ್ರಗಳ ಪೆಟ್ರೋಲ್ ಎಂಜಿನ್ನುಗಳಲ್ಲಿಯೂ ಕಾಯಿಲ್ ಕೆಡುವುದುಂಟು, ಆದರೆ ಮೇಲಿನ ಪರೀಕ್ಷೆಗಳು ಅಲ್ಲಿ ನಡೆಯುವುದಿಲ್ಲ. ಅವುಗಳಿಗೆ ಬ್ಯಾಟರಿಯಿಲ್ಲ. ತಿರುಗುವ ಚಕ್ರದ ಅಯಸ್ಕಾಂತವೇ ಕಾಯಿಲಿಗೆ ವಿದ್ಯುತ್ ಕೊಡುತ್ತದೆ. ಅಲ್ಲಿ ಮುಖ್ಯ ಶತ್ರು ಹುಲ್ಲಿನ ಪುಡಿ ಮತ್ತು ಧೂಳು. ತಂಪುಗೊಳಿಸುವ ರೆಕ್ಕೆಗಳ ನಡುವೆ ಅದು ಮೆತ್ತಿಕೊಂಡರೆ ಗಾಳಿಯಾಡದೆ ಕಾಯಿಲ್ ಬೇಯುತ್ತದೆ. ಚಕ್ರಕ್ಕೂ ಕಾಯಿಲಿಗೂ ನಡುವಣ ಅಂತರ ಸಾಮಾನ್ಯವಾಗಿ 0.3 ಮಿ.ಮೀ. ಆಸುಪಾಸಿನಲ್ಲಿ, ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಇರಬೇಕು. ಕಾರ್ಡನ್ನು ನಡುವೆ ತೂರಿಸಿ, ಸ್ಕ್ರೂ ಸಡಿಲಿಸಿ, ಅಯಸ್ಕಾಂತ ಕಾಯಿಲನ್ನು ಎಳೆದು ಕೂರಿಸಿದ ಮೇಲೆ ಬಿಗಿದು ಕಾರ್ಡನ್ನು ಎಳೆದು ತೆಗೆದರೆ ಕೆಲಸ ಮುಗಿಯಿತು.

ಕಾರಿಗೆ ಹೊಸ ಕಾಯಿಲ್ ಕೊಳ್ಳುವಾಗ ಮೀಟರನ್ನು ಅಂಗಡಿಗೇ ಒಯ್ದು ಅಲ್ಲಿಯೇ ರೋಧ ಅಳೆದು ನೋಡಬೇಕು. ಕೂರಿಸಿದ ದಿನಾಂಕ, ರೋಧ, ಅಂದಿನ ಚಾರ್ಜಿಂಗ್ ವೋಲ್ಟು ಇವನ್ನು ಬಾನೆಟ್ಟಿನ ಒಳಮೈಯಲ್ಲಿ ಬಣ್ಣದಿಂದ ಬರೆದಿಟ್ಟರೆ ಮುಂದಿನ ಮೆಕ್ಯಾನಿಕ್ಕಿಗೆ ಅನುಕೂಲ. ಹಳೆಯದು ಇನ್ನೂ ಕೆಲಸ ಮಾಡುತ್ತಿದ್ದರೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಡಿಕ್ಕಿಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಇಡಬಹುದು. ಜೊತೆಗೆ ಒಂದು ಕಂಡೆನ್ಸರ್, ಒಂದು ರೋಟರ್, ಎರಡು ಮೊಳ ತಂತಿ ಇರಲಿ.